ತಿಂಗಳಿಗೊಮ್ಮೆ ಜ್ವರ, ಸಲಕ್ಕೊಬ್ಬ ಡಾಕ್ಟರು

ಪ್ರಶ್ನೆ: ನಾವು ರಾಣೆಬೆನ್ನೂರಿನವರು. ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಹುಟ್ಟಿದಾಗ 2.7 ಕೆ.ಜಿ. ಇದ್ದಳು, ಈಗ 9.4 ಕೆ.ಜಿ. ಜೂನ್‌ನಲ್ಲಿ ಪ್ಲೇಹೋಮಿಗೆ ಹಾಕಿದೆವು. ಅಲ್ಲಿಂದ ಐದು ತಿಂಗಳಲ್ಲಿ ಐದು ಸಲ ನೆಗಡಿ, ಕೆಮ್ಮು, ಜ್ವರ. ಮೂವರು ಡಾಕ್ಟರಿಗೆ ತೋರಿಸಿದ್ದೇವೆ. ಪ್ರತಿ ಸಲ ಬೇರೆ ಸಿರಪ್, ಬೇರೆ ಆಂಟಿಬಯಾಟಿಕ್. ಜ್ವರ ಇಳಿದರೆ ಮನೆ ತುಂಬ ಓಡಾಡುತ್ತಾಳೆ, ಹಿಡಿಯುವುದೇ ಕಷ್ಟ. ಆದರೆ 102 ದಾಟಿದರೆ ನನಗೆ ಕೈಕಾಲೇ ಆಡುವುದಿಲ್ಲ. ನಮ್ಮ ಯಜಮಾನರಿಗೆ ಚಿಕ್ಕವರಿದ್ದಾಗ ಜ್ವರಕ್ಕೆ ಫಿಟ್ಸ್ ಬರುತ್ತಿತ್ತಂತೆ. ಹಲ್ಲು ಬರುತ್ತಿದೆ, ಅದಕ್ಕೇ ಜ್ವರ, ಭೇದಿ ಅಂತ ಅತ್ತೆಯವರು ಹೇಳುತ್ತಾರೆ. ಹೋದ ತಿಂಗಳು ಭೇದಿಯಾದಾಗ ಮೆಡಿಕಲ್ ಶಾಪಿನಲ್ಲಿ ಕೊಟ್ಟ ರೆಡಿ ಪ್ಯಾಕೆಟ್ ಓಆರ್‌ಎಸ್ ಕುಡಿಸಿದೆವು. ಊಟ ಅಂದರೆ ಬಾಯಿ ಮುಚ್ಚುತ್ತಾಳೆ, ಹಾಲಾದರೆ ನಾಲ್ಕು ಬಾಟಲಿ ಕುಡಿಯುತ್ತಾಳೆ. ಅವಳಿಗೆ ರೋಗನಿರೋಧಕ ಶಕ್ತಿ ಕಡಿಮೆಯೇ? ಟಾನಿಕ್ ಕೊಡಲೇ? ನೆಬುಲೈಸರ್ ಮನೆಗೇ ತಂದುಬಿಡಲೇ? ಒಂದೂವರೆ ವರ್ಷದ ಇಂಜೆಕ್ಷನ್ ಬೇರೆ ನೆಗಡಿಯಿಂದಾಗಿ ಮುಂದೆ ಹೋಗುತ್ತಲೇ ಇದೆ. ಡಾಕ್ಟರ ಮುಂದೆ ಕೂತರೆ ಕೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರ: ಜ್ವರ ಇಳಿದರೆ ಹಿಡಿಯುವುದೇ ಕಷ್ಟ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ನನ್ನ ಕೋಣೆಗೆ ಬರುವ ಮಗು ಮೇಜಿನ ಮೇಲಿನ ಪೆನ್ನು ಎಳೆದು, ನನ್ನ ಸ್ಟೆತಸ್ಕೋಪು ಬಾಯಿಗೆ ಹಾಕಿಕೊಂಡರೆ ಥರ್ಮಾಮೀಟರ್ ಏನೇ ಹೇಳಲಿ, ನನ್ನ ಎದೆ ಸ್ವಲ್ಪ ಹಗುರಾಗುತ್ತದೆ. 100 ಡಿಗ್ರಿ ಜ್ವರ ಮಾತ್ರ ಇದ್ದು, ಮಗು ಅಮ್ಮನ ಹೆಗಲ ಮೇಲೆ ಸುಮ್ನೆ ಬಿದ್ದುಕೊಂಡಿದ್ದರೆ ಹಿಂದೆ ಕೂತವರನ್ನು ಕಾಯಿಸಿಯಾದರೂ ಮೊದಲು ಅದನ್ನು ನೋಡುತ್ತೇನೆ.

ಐದು ತಿಂಗಳಿಗೆ ಐದು ನೆಗಡಿ ಜಾಸ್ತಿ ಅಲ್ಲ. ಮನೆಯಲ್ಲೇ ಇರುವ ಮಗುವಿಗೂ ಈ ವಯಸ್ಸಿನಲ್ಲಿ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುತ್ತದೆ. ಪ್ಲೇಹೋಮಿಗೆ ಹೋಗುವ ಮಗುವಿಗೆ ಮೊದಲ ವರ್ಷ ಹತ್ತು, ಹನ್ನೆರಡು ಸಲ ಬಂದರೂ ಆಶ್ಚರ್ಯವಿಲ್ಲ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿವೆ. ನಿಮ್ಮ ಮಗಳು ಈಗ ಅವುಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದಾಳೆ. ಒಂದು ನೆಗಡಿ ಏಳರಿಂದ ಹತ್ತು ದಿನ ಇರುತ್ತದೆ, ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಅಷ್ಟರಲ್ಲಿ ಇನ್ನೊಂದು ಶುರು. ಹೊರಗಿನಿಂದ ನೋಡಿದವರಿಗೆ "ಈ ಮಗುವಿಗೆ ಕೆಮ್ಮು ಹೋಗೋದೇ ಇಲ್ಲ" ಅನ್ನಿಸುತ್ತದೆ, ಅಷ್ಟೆ.

ರೋಗನಿರೋಧಕ ಶಕ್ತಿಯೇ ಕಡಿಮೆ ಇರುವ ಮಕ್ಕಳ ಕಥೆ ಬೇರೆ. ಅವರಿಗೆ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ, ಒಳಗೆ ಕೀವು ಕಟ್ಟುತ್ತದೆ, ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧಿ ಕೊಡದೆ ವಾಸಿಯಾಗುವುದಿಲ್ಲ, ತೂಕ ಏರುವುದೇ ಇಲ್ಲ. ನಿಮ್ಮ ಮಗಳ ತೂಕ ಹುಟ್ಟಿದಾಗಿನ ಮೂರೂವರೆ ಪಟ್ಟು ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟಿನಲ್ಲಿ ಈ ವಯಸ್ಸಿನ ಹೆಣ್ಣುಮಗುವಿಗೆ 9.4 ಸಹಜ ಮಿತಿಯೊಳಗೇ ಇದೆ. ಮಕ್ಕಳು ಮೊದಲ ವರ್ಷ ದುಪ್ಪಟ್ಟು, ಮುಪ್ಪಟ್ಟು ಆಗುತ್ತಾರೆ. ಎರಡನೇ ವರ್ಷ ಪೂರ್ತಿ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಇದು ಗೊತ್ತಿಲ್ಲದೆ ತುಂಬಾ ಅಮ್ಮಂದಿರು "ಇಳಿದುಹೋದ" ಅಂತ ಅಳುತ್ತಾರೆ. ಹಾಗಾಗಿ ಇಮ್ಯುನಿಟಿ ಟಾನಿಕ್ ಬೇಡ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಇಷ್ಟೆಲ್ಲದರ ನಡುವೆ ನನಗೆ ನಿಜಕ್ಕೂ ಯೋಚನೆ ಹತ್ತಿಸಿದ್ದು ನೀವು ಹೋಗುತ್ತಾ ಹೋಗುತ್ತಾ ಹೇಳಿದ ಮಾತು. ನಾಲ್ಕು ಬಾಟಲಿ ಹಾಲು. ದೊಡ್ಡ ಬಾಟಲಿಯಾದರೆ ಅದು ಹತ್ತಿರ ಹತ್ತಿರ ಒಂದು ಲೀಟರ್. ಪುಟ್ಟ ಹೊಟ್ಟೆಯಲ್ಲಿ ಒಂದು ಲೀಟರ್ ಹಾಲು ಕೂತಮೇಲೆ ಅನ್ನಕ್ಕೆ ಜಾಗ ಎಲ್ಲಿ? ಊಟ ಬೇಡ ಅನ್ನುತ್ತಾಳೆ ಅಂತ ನೀವು ಹಾಲು ಕೊಡುತ್ತೀರಿ, ಹಾಲು ಕುಡಿದಿದ್ದಾಳೆ ಅಂತಲೇ ಅವಳು ಊಟ ಬೇಡ ಅನ್ನುತ್ತಾಳೆ. ಹಸು, ಎಮ್ಮೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಬೇರೆ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಅಡ್ಡ ಬರುತ್ತದೆ. ಹೀಗೆ ಗುಂಡುಗುಂಡಗೆ, ಬೆಳ್ಳಗೆ ಇರುವ ಮಗುವಿನ ರಕ್ತ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಹಿಮೋಗ್ಲೋಬಿನ್ ಬರೀ 7 ಇರುತ್ತದೆ. "ನಮ್ಮನೇಲಿ ಹಾಲಿಗೇನು ಕಡಿಮೆ ಡಾಕ್ಟ್ರೇ" ಅಂತ ಮನೆಯವರಿಗೆ ನಂಬಿಕೆಯೇ ಬರುವುದಿಲ್ಲ. ಇದು ಒಂದೆರಡು ಮನೆಯ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ನೂರಕ್ಕೆ ಅರವತ್ತೈದು!

ರಕ್ತ ಕಡಿಮೆಯಾದ ಮಗು ಮಂಕಾಗುತ್ತದೆ, ಸಿಡುಕುತ್ತದೆ, ಹಸಿವೆ ಇನ್ನೂ ಕಡಿಮೆಯಾಗುತ್ತದೆ, ಕೆಲವು ಮಕ್ಕಳು ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಾರೆ. ಕಲಿಕೆಗೂ ಪೆಟ್ಟು. ನಿಮ್ಮ ಮಗಳ ಹಾಲನ್ನು ದಿನಕ್ಕೆ ಅರ್ಧ ಲೀಟರಿನೊಳಗೆ ತನ್ನಿ. ಬಾಟಲಿ ಬಿಡಿಸಿ ಲೋಟಕ್ಕೆ ಹಾಕಿ. ಲೋಟಕ್ಕೆ ಬಂದರೆ ಅರ್ಧ ಹಾಲು ತಾನಾಗಿಯೇ ಕಡಿಮೆಯಾಗುತ್ತದೆ, ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗಿದ್ದರಿಂದ ಆಗುವ ಹುಳುಕು ಹಲ್ಲೂ ತಪ್ಪುತ್ತದೆ. ಮೊದಲ ನಾಲ್ಕೈದು ದಿನ ರಂಪ ಮಾಡುತ್ತಾಳೆ. ಮಾಡಲಿ. ಊಟಕ್ಕೆ ಎರಡು ಗಂಟೆ ಮುಂಚೆ ಹಾಲೂ ಇಲ್ಲ, ಬಿಸ್ಕತ್ತೂ ಇಲ್ಲ. ಮೊಟ್ಟೆ, ಬೇಳೆ, ಹುರುಳಿ ಕಟ್ಟು, ಸೊಪ್ಪಿನ ಸಾರಿಗೆ ಎರಡು ಹನಿ ನಿಂಬೆ, ತಿನ್ನುವವರಾದರೆ ಕೋಳಿ, ಮೀನು. ರಾಗಿ ಬಿಡಬೇಡಿ, ಸುಣ್ಣದ ಅಂಶಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಬರೀ ರಾಗಿ ಸರಿಯಿಂದ ಕಬ್ಬಿಣ ಸಾಲುವುದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಯೋಜನೆಯೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅದನ್ನು ಕೊಟ್ಟರೆ ಕಕ್ಕ ಕಪ್ಪಗಾಗುತ್ತದೆ, ಹೆದರಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಈಗಾಗಲೇ ಕಡಿಮೆ ಇದ್ದರೆ ವಾರಕ್ಕೆರಡು ಸಲದ ಪ್ರಮಾಣ ಸಾಲದು, ದಿನಾ ಬೇಕಾಗುತ್ತದೆ.

ಇನ್ನು ಜ್ವರ. 100.4 ದಾಟಿದರೆ ಜ್ವರ. ಅದಕ್ಕಿಂತ ಕೆಳಗೆ ಮೈ ಬೆಚ್ಚಗಿದ್ದರೆ ಔಷಧಿ ಬೇಡ. ಜ್ವರ ವೈರಸ್ ವಿರುದ್ಧ ಮೈ ಮಾಡುವ ಕೆಲಸ. ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಸಂಕಟ ಕಡಿಮೆ ಮಾಡುವುದಕ್ಕೆ, ಅಂಕಿಯನ್ನು 98ಕ್ಕೆ ಇಳಿಸುವುದಕ್ಕಲ್ಲ. 102 ಇದ್ದರೂ ಆಡುತ್ತಿದ್ದರೆ, ಮಲಗಿ ನಿದ್ದೆ ಮಾಡುತ್ತಿದ್ದರೆ, ಎಬ್ಬಿಸಿ ಔಷಧಿ ಹಾಕುವ ಅಗತ್ಯವಿಲ್ಲ. ಇದನ್ನು ಹೇಳುವುದು ಸುಲಭ, ನನಗೆ ಗೊತ್ತು. ನನ್ನ ಮಗನಿಗೆ 103 ಬಂದಾಗ ರಾತ್ರಿ ಎರಡು ಗಂಟೆಗೆ ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಟ್ಟವಳು ನಾನೇ.

ಪ್ರಮಾಣದ ವಿಷಯಕ್ಕೆ ಮಾತ್ರ ಕಣ್ಣು ಬಿಟ್ಟು ನೋಡಿ, ಯಾಕೆಂದರೆ ನಾನು ಕಂಡ ತಪ್ಪುಗಳಲ್ಲಿ ಅರ್ಧ ಇಲ್ಲೇ ಆಗುವುದು. ಪ್ಯಾರಾಸಿಟಮಾಲ್ ಕೊಡುವುದು ವಯಸ್ಸಿನ ಮೇಲೆ ಅಲ್ಲ, ತೂಕದ ಮೇಲೆ. ಒಂದು ಕೆ.ಜಿ.ಗೆ 15 ಮಿ.ಗ್ರಾಂ. ನಿಮ್ಮ ಮಗಳಿಗೆ ಒಂದು ಸಲಕ್ಕೆ ಸುಮಾರು 140 ಮಿ.ಗ್ರಾಂ. ಅಂಗಡಿಯಲ್ಲಿ ಇದೇ ಔಷಧಿ ಮೂರು ಥರ ಸಿಗುತ್ತದೆ. ಹನಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಸಾದಾ ಸಿರಪ್‌ನಲ್ಲಿ ಐದು ಮಿ.ಲೀ.ಗೆ 120 ಅಥವಾ 125. ದೊಡ್ಡ ಮಕ್ಕಳ ಸಿರಪ್‌ನಲ್ಲಿ ಐದು ಮಿ.ಲೀ.ಗೆ 250. ಅಂದರೆ ನಿಮ್ಮ ಮಗಳಿಗೆ ಡ್ರಾಪ್ಸ್ ಆದರೆ 1.4 ಮಿ.ಲೀ., ಸಾದಾ ಸಿರಪ್ ಆದರೆ ಐದೂವರೆ, ದೊಡ್ಡವರದ್ದಾದರೆ ಮೂರಕ್ಕಿಂತ ಸ್ವಲ್ಪ ಕಡಿಮೆ. "ಹೋದ ಸಲ ಐದು ಎಂಎಲ್ ಹೇಳಿದ್ರು" ಅಂತ ನೆನಪಿಟ್ಟುಕೊಂಡು ಈ ಸಲ ಡ್ರಾಪ್ಸ್ ಬಾಟಲಿಯಿಂದ ಐದು ಎಂಎಲ್ ಹಾಕಿದರೆ ಮೂರೂವರೆ ಪಟ್ಟು ಜಾಸ್ತಿಯಾಯಿತು. ಒಂದೆರಡು ದಿನ ಹೀಗೇ ಆದರೆ ಲಿವರ್‌ಗೆ ಪೆಟ್ಟು. ಎಂಎಲ್ ನೆನಪಿಡಬೇಡಿ, ಮಿ.ಗ್ರಾಂ ನೆನಪಿಡಿ. ಬಾಟಲಿಯ ಮೇಲಿನ ಅಂಕಿ ಓದಿ. ಅಡುಗೆಮನೆಯ ಚಮಚ ಬೇಡ, ಜೊತೆಗೆ ಬರುವ ಅಳತೆಯ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಸಾಕು. ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ಮೀರುವುದು ಬೇಡ. ನೆಗಡಿಯ ಕೆಲವು ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ಕೊಟ್ಟರೆ ದುಪ್ಪಟ್ಟಾಗುತ್ತದೆ.

ಬೇರೆ ಜ್ವರದ ಔಷಧಿಗಳನ್ನು ನೀವಾಗಿಯೇ ಕೊಡಬೇಡಿ. ನಿಮೆಸುಲೈಡ್ ಹನ್ನೆರಡು ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧವಾಗಿದೆ. ಆಸ್ಪಿರಿನ್ ಬೇಡವೇ ಬೇಡ. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಜ್ವರವನ್ನು ಬೇಗ ಇಳಿಸುತ್ತವೆ ನಿಜ, ಆದರೆ ಮಳೆಗಾಲದ ಜ್ವರ ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ತಣ್ಣೀರು ಪಟ್ಟಿಯೂ ಬೇಡ, ಮಗು ನಡುಗಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಸ್ವೆಟರ್, ಟೋಪಿ, ಕಾಲುಚೀಲ ತೆಗೆದು ತೆಳು ಬಟ್ಟೆ ಹಾಕಿ ಫ್ಯಾನ್ ಹಾಕಿ. ಅತ್ತೆಯವರು ಒಪ್ಪಲಿಕ್ಕಿಲ್ಲ. ನನ್ನ ಹೆಸರು ಹೇಳಿ.

ಫಿಟ್ಸ್ ಭಯ ಅರ್ಥವಾಗುತ್ತದೆ. ತಂದೆಗೆ ಬಂದಿದ್ದರೆ ಮಗುವಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಹೀಗಾಗುತ್ತದೆ. ನೋಡುವುದಕ್ಕೆ ಜೀವ ಬಾಯಿಗೆ ಬರುತ್ತದೆ, ಆದರೆ ಸಾಮಾನ್ಯ ಜ್ವರದ ಫಿಟ್ಸ್‌ನಿಂದ ಮಿದುಳಿಗೆ ಹಾನಿಯಾಗುವುದಿಲ್ಲ. ನಿಮ್ಮ ಯಜಮಾನರೇ ಸಾಕ್ಷಿ ಅಲ್ವಾ? ಜ್ವರದ ಔಷಧಿ ಕೊಟ್ಟುಕೊಂಡಿದ್ದರೆ ಫಿಟ್ಸ್ ತಪ್ಪಿಯೇ ತಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಬಂದರೆ ಅದು ನಿಮ್ಮ ತಪ್ಪಲ್ಲ. ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಯಿಂದ ಬರುವ ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ ತುರುಕಬೇಡಿ, ನೀರು ಬಿಡಬೇಡಿ. ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮ ಕಡೆ ಇದೆ. ಅದರಿಂದ ನಿಲ್ಲುವುದಿಲ್ಲ, ತಾನಾಗಿ ನಿಲ್ಲುವ ಹೊತ್ತಿಗೆ ಇವರು ಈರುಳ್ಳಿ ಹಿಡಿದಿರುತ್ತಾರೆ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಓಡಿ. ಬೇಗ ನಿಂತರೂ ಮೊದಲ ಸಲ ಆದರೆ ಅವತ್ತೇ ತೋರಿಸಿ.

ಹಾಗಾದರೆ ಯಾವಾಗ ಓಡಬೇಕು? ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ತಡ ಮಾಡುವ ಹಾಗೇ ಇಲ್ಲ, ರಾತ್ರಿಯಾದರೂ ಸರಿ. ನಿಮ್ಮ ಮಗಳ ವಯಸ್ಸಿನವರಲ್ಲಿ ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಸತತ ಎಂಟು ಗಂಟೆ ಕಾಲ ಮೂತ್ರ ಮಾಡಿಲ್ಲದಿದ್ದರೆ, ಮೈಮೇಲೆ ಒತ್ತಿದರೂ ಮಾಸದ ಕೆನ್ನೇರಳೆ ಚುಕ್ಕೆಗಳು ಎದ್ದರೆ ಕಾಯಬೇಡಿ. ಉಸಿರಾಟವನ್ನು ನೀವೇ ಎಣಿಸಬಹುದು. ಮಗು ಅಳದೆ ಶಾಂತವಾಗಿದ್ದಾಗ, ಮಲಗಿದ್ದರೆ ಇನ್ನೂ ಒಳ್ಳೆಯದು, ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ತೋರಿಸಬೇಕು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಡೆಂಗಿಯದ್ದು ಒಂದು ಉಲ್ಟಾ ಲೆಕ್ಕ ಇದೆ. ಅಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿದಾಗ, ಮೂರನೇ ದಿನದಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು, ಆದರೆ ಮಗು ಮಂಕಾಗಿದೆ, ಹೊಟ್ಟೆನೋವು ಅನ್ನುತ್ತಿದೆ, ಕೈಕಾಲು ತಣ್ಣಗಿವೆ ಅಂದರೆ ಅದು ಗುಣವಾಗಿದ್ದಲ್ಲ. ಜ್ವರ ಇಳಿದ ಮೇಲೆ ಓಡಾಡುವ ನಿಮ್ಮ ಮಗಳಿಗೂ ಜ್ವರ ಇಳಿದ ಮೇಲೆ ಬಾಡಿ ಬೀಳುವ ಮಗುವಿಗೂ ಇರುವ ವ್ಯತ್ಯಾಸ ಇದೇ.

ಕೆಮ್ಮಿನ ಸಿರಪ್ ವಿಷಯದಲ್ಲಿ ನಾನು ಸ್ವಲ್ಪ ಕಟು. ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಕೆಮ್ಮಿಗೆ ಅವುಗಳಿಂದ ಉಪಯೋಗ ಇಲ್ಲ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಏನಾಯಿತು ನೆನಪಿದೆ ಅಲ್ವಾ? ಕೆಮ್ಮಿನ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸೇರಿತ್ತು. ಕಿಡ್ನಿ ನಿಂತುಹೋಗಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಹೊತ್ತಿಗೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ ಮತ್ತೊಮ್ಮೆ ಹೇಳಿತು. ನೆಗಡಿಗೆ ತುಂಬಾ ಬಳಸುವ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿ ಔಷಧಿಯ ಮೇಲೆ ನಾಲ್ಕು ವರ್ಷದೊಳಗೆ ಬೇಡ ಅಂತ ಛಾಪಿಸಬೇಕು ಅನ್ನುವ ಆದೇಶ 2023ರದ್ದು. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಬೆಚ್ಚಗಿನ ಸಾರು, ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ, ಇಷ್ಟು ಸಾಕು. ಜೇನು ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಕೊಡಬಾರದು. ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಿಡಿಯುವ ಅಭ್ಯಾಸ ಮನೆಯಲ್ಲಿದ್ದರೆ ನಿಲ್ಲಿಸಿ. ಆ ಹೊಗೆಯೇ ಅರ್ಧ ಕೆಮ್ಮು. ಸೊಳ್ಳೆ ಬತ್ತಿಯೂ ಅಷ್ಟೆ. ಮೂಗಿಗೆ ಎಣ್ಣೆ ಬಿಡುವುದಂತೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಒಣಮೆಣಸಿನಕಾಯಿ ಘಾಟು ಮಗುವಿನ ಮೂಗಿಗೆ ಬರದಿದ್ದರೆ ಸರಿ.

ನೆಬುಲೈಸರ್ ತರಬೇಡಿ. ಅದು ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ ಅಷ್ಟೆ, ಒಳಗೆ ಹಾಕುವ ಔಷಧಿ ಮುಖ್ಯ. ಮೂಗು ಕಟ್ಟಿದ ಗೊರಗೊರ ಸದ್ದಿಗೆ ಅದು ಕೆಲಸ ಮಾಡುವುದಿಲ್ಲ. ಉಬ್ಬಸ ಇದೆ ಅಂತ ಡಾಕ್ಟರು ಖಚಿತವಾಗಿ ಹೇಳಿದರೆ ಸ್ಪೇಸರ್ ಅನ್ನುವ ಕೊಳವೆ ಮತ್ತು ಮಾಸ್ಕ್ ಹಾಕಿ ಕೊಡುವ ಇನ್‌ಹೇಲರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟೂ ಬೇಡ.

ಆಂಟಿಬಯಾಟಿಕ್‌ಗೆ ವೈರಸ್ ಬಗ್ಗುವುದಿಲ್ಲ. ಸಿಂಬಳ ಹಳದಿ, ಹಸಿರು ಆಯಿತು ಅಂದಾಕ್ಷಣ ಅದು ಬೇಕಂತಲೂ ಅಲ್ಲ, ನೆಗಡಿ ಮಾಗುವಾಗ ಹಾಗೇ ಆಗುತ್ತದೆ. ಕಿವಿ ಸೋಂಕು, ನ್ಯುಮೋನಿಯಾ, ಮೂತ್ರದ ಸೋಂಕು, ಇವಕ್ಕೆ ಬೇಕು. ಹೆಣ್ಣುಮಗುವಿಗೆ ನೆಗಡಿ, ಕೆಮ್ಮು, ಭೇದಿ ಏನೂ ಇಲ್ಲದೆ ಬರೀ ಜ್ವರ ಬಂದು ಎರಡು ದಿನ ದಾಟಿದರೆ "ಮೂತ್ರ ಪರೀಕ್ಷೆ ಮಾಡಿಸೋಣವೇ?" ಅಂತ ನೀವೇ ಕೇಳಿ. ಇದು ತಪ್ಪಿಹೋಗುವುದು ಜಾಸ್ತಿ. ಮತ್ತೆ, ಜ್ವರ ಬಂದ ಎರಡನೇ ದಿನವೇ ವಿಡಾಲ್ ಪರೀಕ್ಷೆ ಮಾಡಿ ಟೈಫಾಯಿಡ್ ಅಂದರೆ ಒಂದು ಮಾತು ಕೇಳಿ ನೋಡಿ. ಮೊದಲ ವಾರದಲ್ಲಿ ಆ ಪರೀಕ್ಷೆಯನ್ನು ನಂಬುವ ಹಾಗಿಲ್ಲ.

ಹಲ್ಲಿನ ವಿಷಯ ಚಿಕ್ಕದು. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಕಿರಿಕಿರಿ ಇರುತ್ತದೆ, ಮೈ ತುಸು ಬೆಚ್ಚಗಾಗಬಹುದು. 102 ಜ್ವರ ಬರುವುದಿಲ್ಲ, ಭೇದಿಯೂ ಆಗುವುದಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು ಅದು, ಭೇದಿ ಅಲ್ಲಿಂದ ಬರುತ್ತದೆ. ಬಾಟಲಿಯ ನಿಪ್ಪಲ್‌ನಿಂದಲೂ ಬರುತ್ತದೆ. ಬಾಟಲಿ ಬಿಡಿಸಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ನೀವು ಕುಡಿಸಿದ ರೆಡಿ ಪ್ಯಾಕೆಟ್ ಏನಿತ್ತೋ ಒಮ್ಮೆ ಓದಿ ನೋಡಿ. ಓಆರ್‌ಎಸ್ ಅನ್ನುವ ಅಕ್ಷರ ಇಟ್ಟುಕೊಂಡು ಸಕ್ಕರೆ ನೀರು ಮಾರುವ ದಂಧೆ ವರ್ಷಗಟ್ಟಲೆ ನಡೆಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಶಿವರಂಜನಿ ಸಂತೋಷ್ ವರ್ಷಾನುಗಟ್ಟಲೆ ಅದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಬಳಸಬಾರದು ಅಂತ ಆದೇಶ ಹೊರಡಿಸಿತು. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ನಿಮಗೆ ಬೇಕಾದದ್ದು ಪುಡಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರಬೇಕು. ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪೊಟ್ಟಣ, ಒಂದು ಲೋಟ ನೀರು ಅನ್ನುವ ಅಂದಾಜು ಬೇಡ. 200 ಮಿ.ಲೀ.ನ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಮನೆಗೆ ಅದೇ ಅನುಕೂಲ. ಕಲಸಿದ್ದು 24 ಗಂಟೆ ಮಾತ್ರ. ಪ್ರತಿ ಸಲ ನೀರಾಗಿ ಆದಮೇಲೆ ಅರ್ಧ ಲೋಟ, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ. ಜೊತೆಗೆ ಸತುವಿನ ಔಷಧಿ, ಅದೇ ಜಿಂಕ್, ದಿನಕ್ಕೆ 20 ಮಿ.ಗ್ರಾಂ, 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೂ ಹದಿನಾಲ್ಕು ದಿನ ಕೊಡಿ. ಊಟ ನಿಲ್ಲಿಸಬೇಡಿ. ರಕ್ತ ಕಂಡರೆ ಕರೆದುಕೊಂಡು ಹೋಗಿ.

ಈಗ ಡಾಕ್ಟರ ಮುಂದೆ ಮರೆತುಹೋಗುವ ವಿಷಯ. ನಿಮಗೆ ಮಾತ್ರ ಅಲ್ಲ, ಎಲ್ಲರಿಗೂ ಆಗುತ್ತದೆ. ಮಗು ಅಳುತ್ತಿರುತ್ತದೆ, ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ಡಾಕ್ಟರ ಮುಖದಲ್ಲೂ ಅವಸರ. ಆದರೆ ನಿಮ್ಮ ವಿಷಯದಲ್ಲಿ ನನಗೆ ಕಾಣುವ ದೊಡ್ಡ ತೊಂದರೆ ಮರೆವಲ್ಲ, ಮೂವರು ಡಾಕ್ಟರು. ಮಗುವನ್ನು ಒಂದೇ ದಿನ ನೋಡಿ ಯಾರೂ ಪೂರ್ತಿ ಹೇಳಲಾರರು. ಜ್ವರದ ಮೊದಲ ದಿನ ನನಗೂ ಏನೂ ಕಾಣಿಸುವುದಿಲ್ಲ. ಎರಡು ದಿನ ಬಿಟ್ಟು ಬನ್ನಿ ಅನ್ನುತ್ತೇನೆ. ಎರಡು ದಿನ ಬಿಟ್ಟು ಅವರು ಇನ್ನೊಬ್ಬರ ಹತ್ತಿರ ಹೋಗಿರುತ್ತಾರೆ. ಅಲ್ಲಿ ಹಿಂದಿನ ಚೀಟಿ ತೋರಿಸುವುದಿಲ್ಲ, "ಜ್ವರ ಬಿಟ್ಟಿಲ್ಲ" ಅಂತಷ್ಟೇ ಹೇಳುತ್ತಾರೆ. ಆ ಡಾಕ್ಟರು ಒಂದು ಮೆಟ್ಟಿಲು ಮೇಲಿನ ಆಂಟಿಬಯಾಟಿಕ್ ಬರೆಯುತ್ತಾರೆ. ಮೂರನೇ ದಿನಕ್ಕೆ ವೈರಸ್ ಜ್ವರ ತಾನಾಗಿ ಬಿಡುತ್ತದೆ, ಹೆಸರು ಎರಡನೇ ಡಾಕ್ಟರಿಗೆ ಬರುತ್ತದೆ. ಹೊಸದಾಗಿ ಕ್ಲಿನಿಕ್ ಇಟ್ಟಾಗ ನಾನೂ ಈ ಹೆಸರಿಗಾಗಿ ಬರೆದದ್ದುಂಟು, ಸುಳ್ಳು ಯಾಕೆ ಹೇಳಲಿ.

ನಿಮ್ಮ ಮೂವರಲ್ಲಿ ಯಾರು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೋ, ಯಾರು ಮಗುವಿನ ಅಂಗಿ ತೆಗೆಸಿ ನೋಡುತ್ತಾರೋ, ಯಾರು "ಇದಕ್ಕೆ ಔಷಧಿ ಬೇಡ" ಅಂತ ಹೇಳುವ ಧೈರ್ಯ ಮಾಡುತ್ತಾರೋ ಅವರನ್ನು ಹಿಡಿದುಕೊಳ್ಳಿ. ಮಗು ಹುಷಾರಾಗಿದ್ದಾಗ ಒಂದು ಸಲ ಹೋಗಿ ಬನ್ನಿ. ಆರಾಮಾಗಿರುವ ಮಗು ಹೇಗಿರುತ್ತದೆ ಅಂತ ಡಾಕ್ಟರಿಗೂ ಗೊತ್ತಿರಲಿ.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ಜ್ವರ ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ಸಲ ಮೂತ್ರ, ಯಾವ ಔಷಧಿ ಎಷ್ಟು. ಕೇಳಬೇಕಾದ ಪ್ರಶ್ನೆಗಳನ್ನು ಅದರಲ್ಲೇ ಹಿಂದಿನ ರಾತ್ರಿ ಬರೆದಿಡಿ. ಹಳೆಯ ಚೀಟಿ, ತಾಯಿ ಕಾರ್ಡ್, ಮನೆಯಲ್ಲಿರುವ ಔಷಧಿ ಬಾಟಲಿಗಳನ್ನೇ ಚೀಲಕ್ಕೆ ಹಾಕಿಕೊಂಡು ಬನ್ನಿ. "ಕೆಂಪು ಬಣ್ಣದ ಸಿರಪ್" ಅಂದರೆ ನಮಗೆ ಗೊತ್ತಾಗುವುದಿಲ್ಲ, ಎಲ್ಲವೂ ಕೆಂಪೇ. ರಾತ್ರಿ ವಿಚಿತ್ರವಾಗಿ ಕೆಮ್ಮಿದರೆ, ಉಸಿರು ಸದ್ದು ಮಾಡಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಬೆಳಿಗ್ಗೆ ನನ್ನ ಮುಂದೆ ಅದು ಕೆಮ್ಮುವುದೇ ಇಲ್ಲ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಗಂಟಲು ನೋಡಿದರೆ ಎಲ್ಲ ನನ್ನ ಮೇಲೇ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವುದು ಅತ್ತೆಯವರಾದರೆ ಅವರನ್ನೂ ಕರೆತನ್ನಿ. ಎಷ್ಟು ಸಲ ಭೇದಿಯಾಯಿತು ಅನ್ನುವುದು ಅವರಿಗೇ ಗೊತ್ತು. ಹಲ್ಲಿನ ವಿಷಯವನ್ನು ಡಾಕ್ಟರ ಬಾಯಲ್ಲೇ ಕೇಳಿದರೆ ಮನೆಯಲ್ಲಿ ನಿಮಗೂ ನೆಮ್ಮದಿ.

ಎದ್ದು ಬರುವ ಮುಂಚೆ ಮೂರು ಮಾತು ಕೇಳಿ. ಇದು ಏನಿರಬಹುದು? ಇನ್ನು ಎಷ್ಟು ದಿನ ಹೀಗಿರುತ್ತದೆ? ಏನಾದರೆ ನಾನು ವಾಪಸ್ ಓಡಿ ಬರಬೇಕು? ಆಂಟಿಬಯಾಟಿಕ್ ಬರೆದಿದ್ದರೆ ಯಾವುದಕ್ಕೆ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಮತ್ತೆ, ಮನೆಯಲ್ಲಿ ಹಠ ಮಾಡಿದಾಗ "ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ" ಅಂತ ಹೆದರಿಸಬೇಡಿ. ಆಮೇಲೆ ಬಾಗಿಲಲ್ಲೇ ಕಿರುಚಲು ಶುರು ಮಾಡಿದ ಮಗುವಿನ ಎದೆಯಲ್ಲಿ ನನಗೆ ಅಳು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಕೊನೆಗೆ ಇಂಜೆಕ್ಷನ್. ನೀವು ಇನ್ನೂ ತಡ ಮಾಡಿಲ್ಲ. ಸರ್ಕಾರಿ ಪಟ್ಟಿಯಲ್ಲಿ ದಡಾರ-ರುಬೆಲ್ಲಾದ ಎರಡನೇ ಡೋಸ್, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಮತ್ತು ಪೋಲಿಯೋ ಬೂಸ್ಟರ್‌ಗಳಿಗೆ 16ರಿಂದ 24 ತಿಂಗಳವರೆಗೆ ಸಮಯ ಇದೆ. ವಿಟಮಿನ್ ಎ ದ್ರಾವಣವೂ ಆಗಲೇ. ನೆಗಡಿ, ಸಣ್ಣ ಕೆಮ್ಮು, ತುಸು ಮೈ ಬೆಚ್ಚಗಿರುವುದು, ಆಂಟಿಬಯಾಟಿಕ್ ನಡೆಯುತ್ತಿರುವುದು, ಯಾವುದೂ ಲಸಿಕೆಗೆ ಅಡ್ಡಿ ಅಲ್ಲ. ನೆಗಡಿ ಪೂರ್ತಿ ಹೋಗಲಿ ಅಂತ ಕಾದರೆ ಮುಂದಿನ ನೆಗಡಿ ಬಂದಿರುತ್ತದೆ. ಹಿಂದಿನ ಡೋಸ್‌ಗಳಲ್ಲಿ ಯಾವುದಾದರೂ ತಪ್ಪಿದ್ದರೂ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಸರ್ಕಾರಿ ಪಟ್ಟಿಯಲ್ಲಿಲ್ಲದ ಫ್ಲೂ ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಪ್ಲೇಹೋಮಿಗೆ ಹೋಗುವ ಮಗುವಿಗೆ ಅದು ಉಪಯೋಗ.

ನಮ್ಮಲ್ಲಿ ಬಹಳ ಕಡೆ ಲಸಿಕೆ ಹಾಕುವುದು ಗುರುವಾರ. ಈ ಗುರುವಾರವೇ ಹೋಗಿ. ಸಂಜೆಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಡ್ರಾಪ್ಸ್ 1.4 ಮಿ.ಲೀ., ಆದರೆ ಬಾಟಲಿ ಎತ್ತಿಕೊಂಡ ಮೇಲೆ ಅದರ ಮೇಲಿನ ಅಂಕಿ ಮತ್ತೊಮ್ಮೆ ಓದಿ.